ಭರಣಿಯಲ್ಲಿಟ್ಟ ಬಟ್ಟೆ

ನಮ್ಮ ಚಿಕ್ಕಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಬಟ್ಟೆ ಒಗೆದಳು. ಅವಳ ಕೈಗೆ ಬಗ್ಗದ ಕಲೆ ಇರಲಿಲ್ಲ. ರಕ್ತಕ್ಕೆ ತಣ್ಣೀರು ಮತ್ತು ಉಪ್ಪು, ತುಕ್ಕಿಗೆ ನಿಂಬೆರಸ ಮತ್ತು ಬಿಸಿಲು, ಎಣ್ಣೆಗೆ ಹಿಟ್ಟು. ಬಿಸಿನೀರಿನ ವಿಷಯದಲ್ಲಿ ಮಾತ್ರ ಅವಳದೊಂದು ಕಟ್ಟುನಿಟ್ಟು ಇತ್ತು. “ಬಿಸಿನೀರು ಸೋಕೋದಕ್ಕೆ ಮುಂಚೆ ತಂದ್ಕೊಡಿ, ಯಾವ ಕಲೆ ಬೇಕಾದ್ರೂ ತೆಗೀತೀನಿ. ಸೋಕಿದ ಮೇಲೆ ತಂದು ನನ್ನ ಪ್ರಾಣ ತಿನ್ಬೇಡಿ” ಎಂದು ನರ್ಸುಗಳಿಗೆ ಗದರುತ್ತಿದ್ದಳು.

ಬಟ್ಟೆ ನೋಡಿ ಮನುಷ್ಯರನ್ನು ಹೇಳುವ ಒಂದು ವಿದ್ಯೆಯೂ ಅವಳಲ್ಲಿತ್ತು. ಒಮ್ಮೆ ಲಾಂಡ್ರಿಯ ಮೇಲ್ವಿಚಾರಕ ಹರಿದ ಚಾದರವೊಂದನ್ನು ಹಿಡಿದುಕೊಂಡು, ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸಿನ ಮೇಲೆ ಹರಿಹಾಯ್ದನಂತೆ. ಚಿಕ್ಕಮ್ಮ ಸುಕ್ಕನ್ನು ಬೆರಳಿನಿಂದ ಸವರಿ ನೋಡಿ, “ಇದನ್ನ ಹಿಂಡಿದ್ದು ಅವಳಲ್ಲ ಸಾರ್, ನಿಮ್ಮ ನಾದಿನಿ” ಎಂದಳಂತೆ. ನಾದಿನಿ ಅಲ್ಲೇ ತೊಟ್ಟಿಯ ಪಕ್ಕ ನಿಂತಿದ್ದಳು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಳು. ಅಂದಿನಿಂದ ಲಾಂಡ್ರಿಯಲ್ಲಿ ಯಾರೂ ಚಿಕ್ಕಮ್ಮನ ಎದುರು ಸುಳ್ಳು ಹೇಳಲು ಹೋಗಲಿಲ್ಲ. ಈ ಕಥೆಯನ್ನು ಅವಳು ನಮ್ಮ ಮನೆಯಲ್ಲಿ ಹತ್ತು ಸಲವಾದರೂ ಹೇಳಿದ್ದಾಳೆ. ನಾನು ಹತ್ತು ಸಲವೂ ನಕ್ಕಿದ್ದೇನೆ, ಹತ್ತು ಸಲವೂ ಏನೂ ಕಲಿಯಲಿಲ್ಲ.

ಊರ ಜನರ ಮೈಲಿಗೆಯನ್ನೆಲ್ಲ ತೊಳೆದ ಈ ಹೆಂಗಸು ಒಂದೇ ಒಂದು ಬಟ್ಟೆಯನ್ನು ಹದಿಮೂರು ವರ್ಷ ಒಗೆಯದೆ ಇಟ್ಟುಕೊಂಡಿದ್ದಳು. ಅದು ಅವಳ ಕೂಸಿಗೆ ಸುತ್ತುತ್ತಿದ್ದ ಬಟ್ಟೆ. ಕೂಸು ಹತ್ತೊಂಬತ್ತು ದಿನ ಬದುಕಿತ್ತು. ಹೆಸರಿಡುವಷ್ಟೂ ಪುರುಸೊತ್ತು ಕೊಡಲಿಲ್ಲ. ಕೊನೆಯ ಬೆಳಿಗ್ಗೆ ಕುಡಿದ ಹಾಲನ್ನು ಆ ಬಟ್ಟೆಯ ಅಂಚಿನ ಮೇಲೆ ಸ್ವಲ್ಪ ಕಕ್ಕಿ, ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಿತು. ಆರು ತಿಂಗಳಿಗೆ ಗಂಡನೂ ಬೇರೆ ಮನೆ ಮಾಡಿದ. ಚಿಕ್ಕಮ್ಮ ಒಂದು ತಗಡಿನ ಪೆಟ್ಟಿಗೆ ಹಿಡಿದು ತನ್ನ ಅಕ್ಕನ ಮನೆಗೆ ಬಂದಳು. ಆ ಅಕ್ಕನೇ ನಮ್ಮಮ್ಮ.

ನಮ್ಮಮ್ಮ ಕೆಟ್ಟವಳು. ಸತ್ತವರನ್ನು ಹಾಗೆ ಅನ್ನಬಾರದು ಎನ್ನುತ್ತಾರೆ. ಬದುಕಿದ್ದಾಗ ಅನ್ನಲು ನನಗೆ ಧೈರ್ಯವಿರಲಿಲ್ಲ, ಮತ್ತೆ ಅನ್ನುವುದು ಯಾವಾಗ? ಅಪ್ಪ ಸತ್ತ ಮೇಲೆ ಅವರ ಔಷಧಿ ಅಂಗಡಿಯನ್ನು ಅವಳೇ ನಡೆಸಿದಳು. ಕೆಳಗೆ ಅಂಗಡಿ, ಮೇಲೆ ಮೂರು ಕೋಣೆ. ಕೌಂಟರಿನ ಹಿಂದೆ ಬಿಳಿ ಕೋಟು ಹಾಕಿ ನಿಂತು, ಕೆಮ್ಮಿಗೆ ಬಂದವರಿಗೆ “ಇಷ್ಟು ದಿನ ಎಲ್ಲಿ ಸತ್ತಿದ್ರಿ?” ಎಂದು ಕೇಳುತ್ತಿದ್ದಳು. ತಂಗಿಗೆ ಮನೆಯಲ್ಲಿ ಜಾಗ ಕೊಟ್ಟಳು, ಊಟ ಹಾಕಿದಳು, ಹಾಕಿದ ಊಟವನ್ನು ದಿನಕ್ಕೆರಡು ಸಲ ನೆನಪಿಸಿದಳು. “ನನ್ನ ಮನೆ ಇಲ್ದೇ ಇದ್ದಿದ್ರೆ ನೀನು ಯಾವ ಬೀದೀಲಿರ್ತಿದ್ದೆ” ಎಂಬುದು ನಮ್ಮ ಮನೆಯಲ್ಲಿ ಬಡಿಸುವಾಗ ಆಡುವ ಮಾತಾಗಿತ್ತು. ಚಿಕ್ಕಮ್ಮ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು.

ಆದರೆ ಅಮ್ಮನ ಸೇಬಿನ ಜೆಲ್ಲಿಯನ್ನು ಯಾರೂ ತೆಗಳುವಂತಿರಲಿಲ್ಲ. ವರ್ಷಕ್ಕೊಮ್ಮೆ, ಹುಳಿ ಸೇಬು ಬರುವ ಎರಡು ವಾರಗಳಲ್ಲಿ, ನಲವತ್ತು ಬಾಟಲಿ. ಪೂರಾ ಹಣ್ಣಾದ ಸೇಬನ್ನು ಅವಳು ಮುಟ್ಟುತ್ತಿರಲಿಲ್ಲ, ಅದು ಗಟ್ಟಿ ಕಟ್ಟುವುದಿಲ್ಲ. ಹುಳಿಯಿರುವ ಅರೆಗಾಯನ್ನು ಸಿಪ್ಪೆ, ಬೀಜ, ತಿರುಳಿನ ಸಮೇತ ಹೆಚ್ಚಬೇಕು. ಗಟ್ಟಿಯಾಗಿಸುವ ಶಕ್ತಿಯೆಲ್ಲ ನಾವು ಬಿಸಾಡುವ ಸಿಪ್ಪೆ ಬೀಜದಲ್ಲೇ ಇರುವುದು ಎನ್ನುತ್ತಿದ್ದಳು. ಮುಳುಗುವಷ್ಟು ನೀರು, ಎರಡು ಬೆರಳುದ್ದದ ಚಕ್ಕೆ, ಏಳು ಲವಂಗ, ಒಂದು ಚಕ್ರಮೊಗ್ಗು. ಮೆತ್ತಗೆ ಬೆಂದ ಮೇಲೆ, ತಲೆಕೆಳಗಾಗಿಸಿದ ಸ್ಟೂಲಿನ ನಾಲ್ಕು ಕಾಲಿಗೆ ಬಟ್ಟೆಯ ನಾಲ್ಕು ಮೂಲೆ ಕಟ್ಟಿ ಅದರೊಳಗೆ ಸುರಿಯಬೇಕು. ಕೆಳಗೆ ಪಾತ್ರೆ. ರಸ ತನ್ನಷ್ಟಕ್ಕೆ ತೊಟ್ಟಿಕ್ಕಬೇಕು, ಎಂಟು ಗಂಟೆ ಆಗಲಿ ಹತ್ತು ಗಂಟೆ ಆಗಲಿ. ಗಂಟನ್ನು ಹಿಂಡಲೇಬಾರದು. ಹಿಂಡಿದರೆ ರಸ ಕದಡಿ ಜೆಲ್ಲಿ ಮಬ್ಬಾಗುತ್ತದೆ. ಆಮೇಲೆ ಸಕ್ಕರೆ, ಜೋರು ಉರಿ, ನೊರೆ ತೆಗೆಯುವುದು. ತಣ್ಣಗಿನ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ದೂಡಿದರೆ ಸುಕ್ಕುಗಟ್ಟಬೇಕು, ಆಗ ಪಾಕ ಬಂದ ಹಾಗೆ. ಉರಿ ಆರಿಸಿದ ಮೇಲೆಯೇ ಬ್ರಾಂದಿ, ಬಾಟಲಿಗೆ ಎರಡು ಚಮಚದ ಲೆಕ್ಕ, ಅದೂ ಔಷಧಿ ಅಳೆಯುವ ಗಾಜಿನ ಲೋಟದಲ್ಲಿ. ಕೊನೆಗೆ ಬ್ರಾಂದಿಯಲ್ಲಿ ಅದ್ದಿದ ದುಂಡನೆಯ ಕಾಗದವನ್ನು ಮೇಲೆ ಅಂಟಿಸಿ ಮುಚ್ಚಳ ಹಾಕಬೇಕು. ಬೂಸಲು ಹತ್ತಿರ ಸುಳಿಯುವುದಿಲ್ಲ.

ಅಮ್ಮನ ಹೆಮ್ಮೆ ರುಚಿಯ ಬಗ್ಗೆ ಆಗಿರಲಿಲ್ಲ, ತಿಳಿತನದ ಬಗ್ಗೆ. ಪ್ರತಿ ಬಾಟಲಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಒಂದು ಔಷಧಿ ಚೀಟಿ ಇಟ್ಟು ಓದುತ್ತಿದ್ದಳು. ಕಣ್ಣೆದುರಿಗಿಟ್ಟರೇ ಓದಲಾಗದ ವೈದ್ಯರ ಅಕ್ಷರವನ್ನು ಜೆಲ್ಲಿಯ ಮೂಲಕ ಓದಬೇಕಿತ್ತು. ಓದಲಾಗದ ಬಾಟಲಿ ನಮಗೆ, ಓದಲಾದದ್ದು ಊರಿಗೆ. ನಾವು ಒಂದು ವರ್ಷವೂ ಜೆಲ್ಲಿ ತಿನ್ನಲಿಲ್ಲ ಎಂದರೆ ಅವಳ ಕೈಗುಣ ಅರ್ಥವಾದೀತು.

ಜಗಳದ ಬೀಜ ಬಿದ್ದದ್ದು ಇಂಥ ಒಂದು ಬಾಟಲಿಯಲ್ಲಿ. ಬೀದಿಯ ಕೊನೆಯ ಬೇಕರಿಯವನು ತನ್ನ ಪಾಲಿನ ಬಾಟಲಿ ಒಯ್ಯಲು ಬಂದಿದ್ದ. ಅಮ್ಮ ಕಿಟಕಿಗೆ ಹಿಡಿದು ಚೀಟಿ ಓದಿ ತೋರಿಸುತ್ತಿದ್ದಳು. ಕೆಲಸದಿಂದ ಆಗಷ್ಟೇ ಬಂದ ಚಿಕ್ಕಮ್ಮ ಚಪ್ಪಲಿ ಬಿಡುತ್ತಾ ತಲೆ ಎತ್ತಿ, “ಅಕ್ಕಾ, ಅದರಲ್ಲಿ ನೂಲಿನ ಎಳೆ ಇದೆ” ಎಂದಳು.

ಕೊಂಕು ಮಾತಲ್ಲ ಅದು. ಲಾಂಡ್ರಿಯವಳ ಕಣ್ಣು, ಕಂಡದ್ದನ್ನು ಹೇಳಿತು, ಅಷ್ಟೇ. ಬೇಕರಿಯವನು ಬಗ್ಗಿ ನೋಡಿದ, ಕೂದಲಿಗಿಂತ ಸಣ್ಣದೊಂದು ಎಳೆ ಜೆಲ್ಲಿಯ ನಡುವೆ ನಿಂತಿತ್ತು. “ಹೌದಲ್ಲ ತಾಯಿ! ನಿಮ್ಮ ತಂಗಿ ಕಣ್ಣೇ ಕಣ್ಣು!” ಎಂದು ಹೊಟ್ಟೆ ಕುಲುಕಿಸಿ ನಕ್ಕ.

ಅಮ್ಮನೂ ನಕ್ಕಳು. ಬೈದರೆ ಭಯವಿಲ್ಲ, ಅವಳು ನಕ್ಕರೆ ಹುಷಾರಾಗಿರಬೇಕು. ಆ ನಗುವನ್ನು ಅವಳು ಒಂದು ವರ್ಷ ಬಚ್ಚಿಟ್ಟುಕೊಂಡಳು.

ಮರುವರ್ಷ ಸೇಬು ಬಂದ ದಿನ ನನಗೆ ರಜೆ. ಆಗ ನನಗೆ ಇಪ್ಪತ್ತೆಂಟು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಎಡಗೈಯಲ್ಲಿ ಠಪ ಠಪ ಮುದ್ರೆ ಒತ್ತುವುದನ್ನು ನೋಡಿ ಜನ “ಮೇಡಂ, ನಮ್ಮ ಕಾಗದ ವಾಪಸ್ ಬರಲ್ಲ ತಾನೆ?” ಎಂದು ರೇಗಿಸುತ್ತಿದ್ದರು. ಚಿಕ್ಕಮ್ಮ ಬೆಳಿಗ್ಗೆ ಐದೂವರೆಗೇ ಪಾಳಿಗೆ ಹೋಗಿಯಾಗಿತ್ತು. ಅಮ್ಮ ಹಳೆಯ ಸೋಸುವ ಬಟ್ಟೆಯನ್ನು ತೆಗೆದು ನೋಡಿ, ಊದಿದ ಗೆಣ್ಣಿನ ಬೆರಳಲ್ಲಿ ಕತ್ತರಿ ಹಿಡಿದು ಎರಡು ಹೋಳು ಮಾಡಿ ಕಸದ ಡಬ್ಬಿಗೆ ಹಾಕಿದಳು.

“ಅವಳ ಪೆಟ್ಟಿಗೇಲಿ ಒಂದು ಭರಣಿ ಇದೆ. ಅದರೊಳಗಿನ ಬಟ್ಟೆ ತಗೊಂಡು ಬಾ.”

“ಅದು ಕೂಸಿನದಲ್ವಾಮ್ಮ?”

“ಕೂಸಿನದಾಗಿದ್ದು ಆಮೇಲೆ. ಅದಕ್ಕೆ ಮುಂಚೆ ನಮ್ಮಮ್ಮನ ಹೊದಿಕೆ. ಅದನ್ನ ಹರಿದು ಅವಳು ಕೂಸಿಗೆ ಮಾಡ್ಕೊಂಡ್ಳು, ನನ್ನನ್ನೊಂದು ಮಾತು ಕೇಳಿದ್ಳಾ? ಅದರಲ್ಲಿ ನನಗೂ ಪಾಲಿದೆ. ನಲವತ್ತು ವರ್ಷ ಒಗೆದು ಒಗೆದು ಬೆಣ್ಣೆ ಆಗಿರೋ ಬಟ್ಟೆ, ಒಂದು ಎಳೆನೂ ಬಿಡಲ್ಲ. ನೂಲು ನೂಲು ಅಂತಿದ್ಳಲ್ಲ ಮಹಾರಾಯ್ತಿ, ನೋಡ್ಲಿ ಈಗ.”

ನಾನು ಹೋಗಬಾರದಿತ್ತು. ಇಪ್ಪತ್ತೆಂಟು ವರ್ಷದ ಹೆಂಗಸು, ಸಂಬಳ ತರುವವಳು, ಆಗಲ್ಲ ಎನ್ನಬಹುದಿತ್ತು. ಆದರೆ ಅಮ್ಮನಿಗೆ ಆಗಲ್ಲ ಎಂದು ಹೇಳಿ ಆಮೇಲೆ ಇಡೀ ವಾರ ಅದನ್ನು ಅನುಭವಿಸುವುದಕ್ಕಿಂತ ಪೆಟ್ಟಿಗೆ ತೆರೆಯುವುದು ಸುಲಭವಾಗಿ ಕಂಡಿತು. ಮಂಚದ ಕೆಳಗಿನ ಪೆಟ್ಟಿಗೆಗೆ ಬೀಗವೂ ಇರಲಿಲ್ಲ. ಯಾರ ಮನೆಯಲ್ಲಿ ಇದ್ದಾಳೋ ಅವರನ್ನು ಅವಳು ನಂಬಿದ್ದಳು. ಎರಡು ಜೊತೆ ಬಟ್ಟೆಯ ಕೆಳಗೆ ನಮ್ಮ ಅಂಗಡಿಯದೇ ಒಂದು ಅಗಲಬಾಯಿಯ ಗಾಜಿನ ಭರಣಿ, ಬಿಗಿ ಮುಚ್ಚಳ. ಮುಚ್ಚಳ ತಿರುಗಿಸಿದಾಗ ಒಡೆದ ಹಾಲಿನಂಥ ಹುಳಿ ವಾಸನೆ ಬಂತು. ಬಟ್ಟೆಯ ಅಂಚಿನಲ್ಲಿ ನಾಣ್ಯದಗಲ ಹಳದಿ ಕಲೆ.

ಇಲ್ಲಿ ನಾನು ಮಾಡಿದ ತಪ್ಪನ್ನು ನಮ್ಮ ಮನೆಯವರಲ್ಲದೆ ಇನ್ನಾರೂ ಮಾಡುತ್ತಿರಲಿಲ್ಲ. ಚಿಕ್ಕಮ್ಮನ ಹತ್ತಿರ ಬೇಕೆಂದೇ ಒಗೆಯದೆ ಇಟ್ಟದ್ದು ಇರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಪಾಪ, ಮುಚ್ಚಿಟ್ಟು ಮುಚ್ಚಿಟ್ಟು ಮುಗ್ಗಲು ಹಿಡಿದಿದೆ, ಚೆನ್ನಾಗಿ ಒಗೆದು ಕೊಟ್ಟರೆ ಜೆಲ್ಲಿಯ ಕೆಲಸವಾದ ಮೇಲೆ ಅವಳಿಗೆ ಶುಭ್ರವಾದ ಬಟ್ಟೆ ವಾಪಸಾಗುತ್ತದೆ ಎಂದುಕೊಂಡೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೆ! ಸೋಡಾ ಹಾಕಿ ಕುದಿಸಿದೆ. ವಾಸನೆ ಉಳಿದಿತ್ತು, ಇನ್ನೊಮ್ಮೆ ಕುದಿಸಿದೆ. ಮೈಯೆಲ್ಲ ಬಲ ಹಾಕಿ ಹಿಂಡಿ ಬಿಸಿಲಿಗೆ ಹರವಿದೆ. ಅರ್ಧ ಗಂಟೆಗೆ ಬಟ್ಟೆ ಮಲ್ಲಿಗೆ ಹೂವಾಯಿತು. ಭರಣಿಯನ್ನೂ ತೊಳೆದು, ಬೇರೆ ಬಾಟಲಿಗಳ ಜೊತೆ ಹಲಗೆಯ ಮೇಲೆ ಬೋರಲು ಹಾಕಿದೆ. ಬೋರಲು ಬಿದ್ದ ಭರಣಿಯನ್ನು ಅಮ್ಮ ನೋಡಿದಳು, ನನ್ನನ್ನು ನೋಡಿದಳು. ಸೇಬಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

ಅವಳಿಗೆ ಗೊತ್ತಿತ್ತು. ಹದಿಮೂರು ವರ್ಷದ ಹಿಂದೆ ಆ ಭರಣಿಯನ್ನು ತಂಗಿಗೆ ಕೊಟ್ಟವಳೇ ಅವಳು. “ಇದರ ಮುಚ್ಚಳ ಬಿಗಿ ಇದೆ, ವಾಸನೆ ಹೋಗಲ್ಲ” ಎಂದು ಹೇಳಿ ಕೊಟ್ಟಿದ್ದಳಂತೆ. ಇದು ನನಗೆ ತಿಳಿದದ್ದು ಆ ಮಧ್ಯಾಹ್ನ.

ಮೂರು ಗಂಟೆಗೆ ಚಿಕ್ಕಮ್ಮ ಬಂದಳು. ಅಡುಗೆಮನೆಯಲ್ಲಿ ಚಕ್ಕೆ ಲವಂಗದ ಘಮ ತುಂಬಿತ್ತು. ಸ್ಟೂಲಿನ ಕಾಲುಗಳ ನಡುವೆ ಗಂಟು ಜೋತು ಬಿದ್ದು, ಟಪ್ ಟಪ್ ಎಂದು ರಸ ಬೀಳುತ್ತಿತ್ತು. ಅವಳು ಕೈ ತೊಳೆಯಲು ಹೋದವಳು ಹಲಗೆಯ ಮುಂದೆ ನಿಂತಳು. ಬೋರಲು ಹಾಕಿದ್ದ ಭರಣಿಯನ್ನು ಎತ್ತಿದಳು. ಮೂಗಿನ ಹತ್ತಿರ ಹಿಡಿದಳು. ಮತ್ತೆ ಇದ್ದಲ್ಲೇ ಇಟ್ಟಳು. ಆಮೇಲೆ ತಿರುಗಿ ಸ್ಟೂಲಿನ ಕಡೆ ನೋಡಿದಳು.

“ಅಕ್ಕಾ, ಇದು ಯಾವ ಬಟ್ಟೆ?”

“ನಮ್ಮಮ್ಮನ ಹೊದಿಕೆ. ಒಂದು ಎಳೆನೂ ಬಿಡ್ತಿಲ್ಲ ನೋಡು, ನಿನ್ನ ಕಣ್ಣಿಗೆ ಸಮಾಧಾನ ಆಗ್ಲಿ” ಎಂದಳು ಅಮ್ಮ, ಸೌಟು ಒರೆಸುತ್ತಾ.

ಚಿಕ್ಕಮ್ಮ ಸ್ಟೂಲಿನ ಮುಂದೆ ಮೊಣಕಾಲೂರಿ ಕುಳಿತು, ಆ ಬಿಸಿ ಗಂಟನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಳು. ರಸ ಮೊಣಕೈಯಿಂದ ಇಳಿದು ಸೆರಗು ತೋಯಿತು, ಪಾತ್ರೆಗೆ ತಿರುಳು ಧೋ ಎಂದು ಸುರಿಯಿತು. “ಹಿಂಡಬೇಡ! ಹಿಂಡಬೇಡ್ವೇ, ಕದಡಿ ಹೋಗುತ್ತೆ!” ಎಂದು ಅಮ್ಮ ಕಿರುಚಿಕೊಂಡಳು. ಚಿಕ್ಕಮ್ಮ ಮುಖವನ್ನು ಗಂಟಿಗೆ ಒತ್ತಿ ಉಸಿರೆಳೆದುಕೊಂಡಳು. ಒಮ್ಮೆ, ಎರಡು ಸಲ, ಮೂರು ಸಲ. ಏನು ಸಿಕ್ಕೀತು? ಲವಂಗ, ಚಕ್ಕೆ, ಸೇಬು. ಆ ಹುಳಿ ವಾಸನೆ ಯಾಕೆ ಭರಣಿಯೊಳಗಿತ್ತು ಎಂಬುದು ನನಗೆ ಅರ್ಥವಾದದ್ದು ಆಗ.

ಅವಳು ನಾಲ್ಕು ಮೂಲೆಯ ಗಂಟನ್ನೂ ಒಂದೊಂದಾಗಿ ಬಿಚ್ಚಿದಳು. ರಸ ತಾಗದ ಆ ಮೂಲೆಗಳು ಒಣಗಿದ್ದವು, ಅವನ್ನು ಬೆರಳ ನಡುವೆ ಸವರಿ ಸವರಿ ನೋಡಿದಳು. ಆಮೇಲೆ ಕೇಳಿದಳು.

“ಯಾರು ಒಗೆದಿದ್ದು?”

ಅಮ್ಮ ನನ್ನತ್ತ ನೋಡಿದಳು. ಅರೆಗಳಿಗೆ ಅಷ್ಟೇ. ನಾನು ನೆಲ ನೋಡಿದೆ.

“ನಾನೇ. ಏನೀಗ? ಗಬ್ಬು ನಾರ್ತಿತ್ತು. ವಾಸನೆ ಹೋಗಬಾರದು ಅಂತ ಭರಣಿ ಕೊಟ್ಟವಳೂ ನಾನೇ, ತೊಳೆದವಳೂ ನಾನೇ.”

ನಮ್ಮಮ್ಮ ತನ್ನ ಜೀವಮಾನದಲ್ಲಿ ನನಗಾಗಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಇದು. ಅದನ್ನೂ ಅವಳು ಬೈಗುಳದಲ್ಲಿ ಸುತ್ತಿ ಕೊಟ್ಟಳು. ನನ್ನ ಮೇಲಿನ ಪ್ರೀತಿಯಿಂದ ಹೇಳಿದಳೋ, ಆ ಗಾಯ ಮಾಡಿದ ಹೆಮ್ಮೆ ಪೂರಾ ತನಗೇ ಇರಲಿ ಎಂದು ಹೇಳಿದಳೋ, ನನಗೆ ಇವತ್ತಿಗೂ ತಿಳಿಯದು. ನಾನಂತೂ ತುಟಿ ಪಿಟಕ್ ಎನ್ನಲಿಲ್ಲ.

ಚಿಕ್ಕಮ್ಮ “ಸರಿ” ಎಂದಳು. ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಿ ಹರವಿದಳು. ಕಂದು ಬಣ್ಣ ಹೋಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಬಿಸಿ ತಾಗಿಯಾಗಿತ್ತು. ಆ ವರ್ಷದ ಜೆಲ್ಲಿ ಚರಂಡಿಗೆ ಹೋಯಿತು. ಅವಳು ಮರುದಿನ ಐದೂವರೆಗೆ ಎಂದಿನಂತೆ ಪಾಳಿಗೆ ಹೋದಳು. ಮನೆ ಬಿಟ್ಟು ಹೋಗುತ್ತಾಳೆ ಎಂದು ನಾನು ಹೆದರಿದ್ದೆ. ಹೋಗಿದ್ದರೆ ಎಲ್ಲರೂ ಬದುಕಿಕೊಳ್ಳುತ್ತಿದ್ದೆವು.

ಒಂದು ವರ್ಷ ಯಾರೂ ಆ ಮಾತೆತ್ತಲಿಲ್ಲ. ಮುಂದಿನ ಸೇಬಿನ ಕಾಲದಲ್ಲಿ ಹಣ್ಣಿನವನು ಬುಟ್ಟಿ ಇಳಿಸಿ ಹೋದ ಮೇಲೆ ಅಮ್ಮ ಅಂಗಡಿಯಿಂದ ಹೊಸ ಬಟ್ಟೆ ತಂದು ನೆನೆಹಾಕಿದಳು. ಚಿಕ್ಕಮ್ಮ ಅಂದು ಲಾಂಡ್ರಿಗೆ ರಜೆ ಹಾಕಿದ್ದಳು. ಒಳಗಿನಿಂದ ಒಂದು ಬಟ್ಟೆ ತಂದು ಮೇಜಿನ ಮೇಲಿಟ್ಟಳು. ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ, ಆಸ್ಪತ್ರೆಯವರಿಗೆ ಕೊಡುವಷ್ಟು ಅಚ್ಚುಕಟ್ಟಾಗಿ. ನಡುವೆ ದೊಡ್ಡ ಕಂದು ಕಲೆ.

“ಅಕ್ಕಾ, ಬಟ್ಟೆ.”

“ಬೇಡ, ಇದು ಇದೆಯಲ್ಲ.”

“ಅದು ಹೊಸದು, ನೂಲು ಬಿಡುತ್ತೆ. ಇದು ಬಿಡಲ್ಲ. ನನ್ನ ಕೂಸಿನ ಬಟ್ಟೆ, ನೀನೇ ಆರಿಸಿದ್ದು. ಕಟ್ಟು.”

ಅಮ್ಮ ಕಟ್ಟಿದಳು. ಕಟ್ಟದೆ ಏನು ಮಾಡಿಯಾಳು? ಬೇಡ ಎನ್ನಬೇಕಾದರೆ ಯಾಕೆ ಬೇಡ ಎಂದು ಹೇಳಬೇಕಲ್ಲ. ತಪ್ಪಾಯಿತು ಎಂಬ ಮಾತು ಅವಳ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಚಿಕ್ಕಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು, ಕೊನೆಯ ಹನಿ ಬೀಳುವವರೆಗೆ ಕೈಕಟ್ಟಿ ಕುಳಿತಳು. ಪಾಕ ನೋಡಲು ತಟ್ಟೆಗೆ ಬಿಟ್ಟ ಹನಿಯನ್ನು ಚಮಚದಿಂದ ತೆಗೆದು ಬಾಯಿಗೆ ಹಾಕಿ, ಚಪ್ಪರಿಸಿ ಹೇಳಿದಳು. “ಚೆನ್ನಾಗಿದೆ ಅಕ್ಕಾ. ಒಳ್ಳೇ ತಿಳಿಯಾಗಿದೆ. ಕೂಸಿನ ವಾಸನೆ ಒಂಚೂರೂ ಇಲ್ಲ.”

ಹೀಗೆ ಹನ್ನೊಂದು ವರ್ಷ. ಅದೇ ಬಟ್ಟೆ, ಅದೇ ಕುರ್ಚಿ, ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಒಂದು ವರ್ಷ ಅಮ್ಮ ಕೈನೋವು, ಈ ಸಲ ಜೆಲ್ಲಿ ಬೇಡ ಎಂದಳು. ಸಂಜೆ ಚಿಕ್ಕಮ್ಮ ತಾನೇ ಎರಡು ಬುಟ್ಟಿ ಸೇಬು ಹೊರಿಸಿಕೊಂಡು ಬಂದಳು. “ಊರೆಲ್ಲಾ ಕಾಯ್ತಾ ಇದೆ ಅಕ್ಕಾ. ಹೆಚ್ಚೋದು ನಾನು ಹೆಚ್ತೀನಿ. ನೀನು ಬಟ್ಟೆ ಕಟ್ಟಿದ್ರೆ ಸಾಕು.” ಬೇಕರಿಯವನು ಪ್ರತಿ ವರ್ಷ ಹೊಗಳುತ್ತಿದ್ದ. ಆ ಹನ್ನೊಂದು ವರ್ಷದ ಜೆಲ್ಲಿಯಂಥ ತಿಳಿ ಜೆಲ್ಲಿಯನ್ನು ಊರು ಎಂದೂ ನೋಡಿರಲಿಲ್ಲ.

ಅಮ್ಮ ಮಾತ್ರ ಕರಗುತ್ತಾ ಬಂದಳು. ಬ್ರಾಂದಿ ಅಳೆಯುವ ಗಾಜಿನ ಲೋಟದಲ್ಲಿ ಮೊದಲು ತನಗೊಂದು ಅಳತೆ ಹಾಕಿಕೊಂಡು ಕೆಲಸ ಶುರು ಮಾಡುವುದನ್ನು ಮೂರನೆಯ ವರ್ಷ ಕಂಡೆ. ಆಮೇಲೆ ಬಾಟಲಿಗೆ ಎರಡು ಚಮಚ, ಅವಳಿಗೆ ನಾಲ್ಕು. ಆಮೇಲೆ ಸೇಬಿನ ಕಾಲ ಕಳೆದರೂ ಲೋಟ ಒಣಗಲಿಲ್ಲ. ಕೌಂಟರಿನಲ್ಲಿ ಕೈ ನಡುಗಿ ಮಾತ್ರೆಗಳು ಚೆಲ್ಲತೊಡಗಿದವು. ಕೆಮ್ಮಿಗೆ ಬಂದವರನ್ನು ಬೈಯುವುದನ್ನೂ ಬಿಟ್ಟಳು. ಅಂಗಡಿ ಬೇರೆಯವರ ಕೈಗೆ ಹೋಯಿತು. ಚಿಕ್ಕಮ್ಮ ಖಾಲಿಯಾದ ಬ್ರಾಂದಿ ಬಾಟಲಿಯನ್ನು ಎತ್ತಿ, ತುಂಬಿದ್ದನ್ನು ಅದೇ ಜಾಗದಲ್ಲಿ ಇಡುತ್ತಿದ್ದಳು. ಅಕ್ಕನಿಗೆ ಯಾವುದಕ್ಕೂ ಕೊರತೆ ಮಾಡಲಿಲ್ಲ.

ನನ್ನ ಮೇಲೆ ಅವಳಿಗೆ ಸಿಟ್ಟು ಎಂಬುದೇ ಇರಲಿಲ್ಲ. ನನ್ನ ಬಟ್ಟೆಗೆ ಇಸ್ತ್ರಿ ಹಾಕಿಕೊಡುತ್ತಿದ್ದಳು, ಕಚೇರಿಗೆ ಬುತ್ತಿ ಕಟ್ಟಿಕೊಡುತ್ತಿದ್ದಳು. ಎಷ್ಟೋ ಸಲ ಬುತ್ತಿ ಕೈಗಿಡುತ್ತಾ, “ಏನಾದ್ರೂ ಹೇಳೋದಿತ್ತಾ?” ಎಂದು ಕೇಳುತ್ತಿದ್ದಳು. “ಇಲ್ಲ ಚಿಕ್ಕಮ್ಮ” ಎಂದು ಓಡುತ್ತಿದ್ದೆ. ಪ್ರತಿ ಸೇಬಿನ ಕಾಲದಲ್ಲೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳು ಅಮ್ಮನನ್ನು ನೋಡುವ ನೋಟ ಕಂಡಾಗ ಹಿತ್ತಲಿಗೆ ಜಾರಿಕೊಳ್ಳುತ್ತಿದ್ದೆ. ಅಮ್ಮನೂ ಒಮ್ಮೆಯೂ ನನ್ನ ಹೆಸರು ಎತ್ತಲಿಲ್ಲ. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉಪ್ಪು ತಿಂದವಳು ನಾನು, ನೀರು ಕುಡಿದವಳು ಅಮ್ಮ. ನೀರಲ್ಲ, ಬ್ರಾಂದಿ.

ಹನ್ನೊಂದನೆಯ ವರ್ಷದ ಜೆಲ್ಲಿ ಆದ ಮೇಲೆ ಅಮ್ಮ ಏಳಲಿಲ್ಲ. ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ಒಂಬತ್ತು ಹತ್ತು ತಿಂಗಳು ಮಲಗಿದ್ದಳು. ಚಿಕ್ಕಮ್ಮ ಅವಳ ಎಲ್ಲ ಚಾಕರಿಯನ್ನೂ ಮಾಡಿದಳು. ದಿನಕ್ಕೆ ಮೂರು ಸಲ ಚಾದರ ಬದಲಿಸಿದಳು. ಬೆನ್ನಿಗೆ ಒಂದು ಹುಣ್ಣಾಗಲು ಬಿಡಲಿಲ್ಲ. ಡಾಕ್ಟರು ನನಗೆ ಹೇಳಿದರು, ಇಂಥ ತಂಗಿ ಸಿಗಲು ಪುಣ್ಯ ಮಾಡಿರಬೇಕು ಎಂದು. ಅಮ್ಮನ ಬಾಯಿಂದ ಎಂಜಲು ಸುರಿದಾಗ ಚಿಕ್ಕಮ್ಮ ಒರೆಸುತ್ತಿದ್ದದ್ದು ಆ ಕಂದು ಬಟ್ಟೆಯಿಂದಲೇ. ಬಟ್ಟೆ ಹತ್ತಿರ ಬಂದಾಗಲೆಲ್ಲ ಅಮ್ಮ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಚಿಕ್ಕಮ್ಮ ಗಲ್ಲ ಹಿಡಿದು ಮೆತ್ತಗೆ ಈ ಕಡೆ ತಿರುಗಿಸಿಕೊಂಡು ಒರೆಸುತ್ತಿದ್ದಳು.

ಒಂದು ಮಧ್ಯಾಹ್ನ ಚಿಕ್ಕಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಅಮ್ಮ ನನ್ನ ಮಣಿಕಟ್ಟು ಹಿಡಿದಳು.

“ಇನ್ನಾದ್ರೂ ಹೇಳೇ. ನಾನು ಸಾಯೋದ್ರೊಳಗೆ ಹೇಳು. ಒಗೆದಿದ್ದು ನಾನಲ್ಲ ಅಂತ ಅವಳಿಗೆ ಗೊತ್ತಾಗ್ಲಿ. ಒಂದು ದಿನ ಆದ್ರೂ ಬೇರೆ ಬಟ್ಟೆಯಿಂದ ಬಾಯಿ ಒರೆಸ್ಲಿ.”

“ಹೇಳ್ತೀನಮ್ಮ. ನಾಳೆ ಹೇಳ್ತೀನಿ” ಎಂದೆ.

ನಾಳೆ ಬಂತು. ಇನ್ನೂ ಒಂಬತ್ತು ನಾಳೆಗಳು ಬಂದವು. ಅಮ್ಮ ಪ್ರತಿ ಬೆಳಿಗ್ಗೆ ನನ್ನ ಮುಖ ನೋಡುತ್ತಿದ್ದಳು. ಹತ್ತನೆಯ ದಿನ ನೋಡುವುದನ್ನು ನಿಲ್ಲಿಸಿದಳು. ಅವತ್ತು ಸಂಜೆ ಅವಳು ಹೋದಾಗ ಅವಳ ತುಟಿಯ ಮೇಲಿದ್ದದ್ದೂ ಅದೇ ಬಟ್ಟೆ. ನಾನು ಅತ್ತೆ, ನಿಜವಾಗಿಯೇ ಅತ್ತೆ. ಆದರೆ ಒಳಗೊಳಗೆ ಒಂದು ಹಗುರ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಗೊತ್ತಿದ್ದವಳು ಒಬ್ಬಳೇ, ಅವಳೂ ಹೋದಳು, ಇನ್ನು ಯಾರೂ ಕೇಳುವುದಿಲ್ಲ ಎಂದುಕೊಂಡೆ.

ಎರಡು ತಿಂಗಳಿಗೆ ಸೇಬಿನ ಕಾಲ ಬಂತು. ನಾನು ಕಚೇರಿಯಿಂದ ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಎರಡು ಬುಟ್ಟಿ ಹುಳಿ ಸೇಬು. ಸ್ಟೂಲು ತಲೆಕೆಳಗಾಗಿ ನಿಂತಿತ್ತು. ಅದರೆದುರಿಗೆ ಕುರ್ಚಿ, ಕುರ್ಚಿಯಲ್ಲಿ ಚಿಕ್ಕಮ್ಮ. ಮೇಜಿನ ಮೇಲೆ ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿದ ಬಟ್ಟೆ.

“ಇನ್ಯಾಕೆ ಚಿಕ್ಕಮ್ಮ ಇದೆಲ್ಲ? ಅಮ್ಮನೇ ಇಲ್ವಲ್ಲ.”

“ನೀನಿದೀಯಲ್ಲ. ಕೂತ್ಕೋ, ಹೆಚ್ಚು.”

ನಾನು ಚಾಕು ತೆಗೆದುಕೊಂಡೆ. ಚಿಕ್ಕಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು.

“ಎಡಗೈಯವರು ಹಿಂಡಿದ್ರೆ ಬಟ್ಟೆ ಈ ಕಡೆಗೆ ಸುರುಳಿ ಸುತ್ತುತ್ತೆ” ಎಂದು ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿದಳು. “ಆವತ್ತು ನಾಲ್ಕೂ ಮೂಲೆಯ ಸುಕ್ಕು ಈ ಕಡೆಗೇ ಸುತ್ತಿತ್ತು. ಮತ್ತೆ ನಿಮ್ಮಮ್ಮನ ಗೆಣ್ಣು ಊದಿಕೊಂಡು, ಅವಳಿಗೆ ಕರವಸ್ತ್ರ ಹಿಂಡೋಕೂ ಆಗ್ತಿರಲಿಲ್ಲ. ಅವಳ ಬಟ್ಟೆ ಒಗೀತಿದ್ದವಳು ನಾನಲ್ವಾ?”

ಚಾಕು ಸೇಬಿನಲ್ಲೇ ನಿಂತಿತು.

“ನಿನಗೆ ಗೊತ್ತಿತ್ತಾ? ಆವತ್ತೇ?”

“ಆವತ್ತೇ.”

“ಮತ್ತೆ ಅಮ್ಮನ್ನ ಯಾಕೆ ಹಾಗೆ... ಹನ್ನೊಂದು ವರ್ಷ...”

“ಅವಳು ನಾನೇ ಅಂದ್ಳು. ಅಂದವಳಿಗೆ ಕೊಟ್ಟೆ. ಪೆಟ್ಟಿಗೆಗೆ ಕೈ ಹಾಕಿಸಿದ್ದಕ್ಕೆ ಒಂದು ವರ್ಷ ಸಾಕಿತ್ತು ಅವಳಿಗೆ. ಮಿಕ್ಕಿದ್ದು ನಿನ್ನ ಪಾಲು. ನೀನು ಬಂದು, ಚಿಕ್ಕಮ್ಮ, ಒಗೆದಿದ್ದು ನಾನು, ಗೊತ್ತಿಲ್ದೇ ಒಗೆದೆ ಅಂದಿದ್ರೆ ಆ ದಿನವೇ ಈ ಬಟ್ಟೆನ ಒಲೆಗೆ ಹಾಕ್ತಿದ್ದೆ. ಬುತ್ತಿ ಕೊಡ್ವಾಗೆಲ್ಲ ಕೇಳ್ದೆ. ಅವಳು ಸಾಯ್ತಾ ಬಿದ್ದಿದ್ದಾಗ್ಲಾದ್ರೂ ಹೇಳ್ತೀಯೇನೋ ಅಂತ ಹಿತ್ತಲಲ್ಲಿ ಬಟ್ಟೆ ಹರವ್ತಾ ನಿಂತಿದ್ದೆ. ಕಿಟಕಿ ತೆರೆದಿತ್ತು. ನಾಳೆ ಹೇಳ್ತೀನಿ ಅಂದೆ ನೀನು.”

ಹೇಳುವುದಿದ್ದ ಮಾತು ಒಂದೇ, ಅದನ್ನು ಅವಳೇ ಹೇಳಿಯಾಗಿತ್ತು.

ಚಿಕ್ಕಮ್ಮ ಎದ್ದು ಮಡಿಕೆ ಬಿಚ್ಚಿ ಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿದಳು. ಬೆಣ್ಣೆಯ ಹಾಗೆ ಮೆತ್ತಗಿತ್ತು.

“ನಿಮ್ಮಮ್ಮನ ಬಾಯಿ ಒರೆಸಿದ್ದು ಇದರಲ್ಲೇ. ಆಮೇಲೆ ನಾನೇ ಒಗೆದೆ. ಸೋಡಾ ಹಾಕಿ, ಎರಡು ಸಲ ಕುದಿಸಿ” ಎಂದಳು. “ಒಂಚೂರೂ ವಾಸನೆ ಇಲ್ಲ. ಮೂಸಿ ನೋಡು.”